ಪರೀಕ್ಷೆಗೆ ಹೋಗದೆ ಮಣ್ಣಿಗೆ ಹೋದ ಗಂಟು

ಸವಣೂರಿನ ಮುಮ್ತಾಜಬೇಗಂ ಇಪ್ಪತ್ತೇಳು ವರ್ಷದಿಂದ ಹೆಂಗಸರ ಎದೆಯ ಅಳತೆ ತೆಗೆಯುತ್ತ ಬಂದವರು. ಹಾನಗಲ್ಲಿನ ಮದುವೆ ಇರಲಿ, ಹಿರೇಕೆರೂರಿನ ಸೀಮಂತ ಇರಲಿ, ಜಂಪರು ಹೊಲಿಸಬೇಕೆಂದರೆ ಜನ ಬಸ್ಸು ಹತ್ತಿ ಇವರ ಮನೆಗೇ ಬರುತ್ತಾರೆ. ಇವರು ಹೊಲಿದದ್ದು ಕಂಕುಳಲ್ಲಿ ಕಚ್ಚುವುದಿಲ್ಲ, ಭುಜದ ಮೇಲೆ ಸುಕ್ಕು ಬೀಳುವುದಿಲ್ಲ. ಓದಿದ್ದು ಉರ್ದು ಶಾಲೆಯ ನಾಲ್ಕನೆಯ ಇಯತ್ತೆ. ಹೊಲಿಗೆ ಕಲಿತದ್ದು ಅತ್ತೆ ಮರಿಯಮಬಿಯ ಮಷೀನಿನ ಮೇಲೆ, ಅದೂ ಅತ್ತೆ ಮಧ್ಯಾಹ್ನ ಮಲಗಿದಾಗ. ಹದಿನೆಂಟಕ್ಕೆ ಮದುವೆಯಾಗಿ ಬಂದ ಹುಡುಗಿ ಇಪ್ಪತ್ತಕ್ಕೆ ಆ ಮಷೀನಿನ ಒಡತಿಯಾಗಿದ್ದಳು. ಗಂಡ ಸಿರಾಜುದ್ದೀನ ವೀಳ್ಯದೆಲೆ ವ್ಯಾಪಾರಿ. ಒಳ್ಳೆಯವನು, ಆದರೆ ಯಾವ ಮಾತಿಗೂ ಅಣ್ಣನ ಮುಖ ನೋಡಿ ತಲೆ ಆಡಿಸುವವನು. ಒಬ್ಬಳೇ ಮಗಳು ಶಬೀನಾ, ಶಿಗ್ಗಾವಿಯಲ್ಲಿ ಬಿಎಸ್ಸಿ ಕೊನೆಯ ವರ್ಷ.

ಕಳೆದ ವರ್ಷ ಮದುವೆಯ ಸುಗ್ಗಿ ಮುಗಿದ ಮೇಲೆ ಮುಮ್ತಾಜಬೇಗಂ ತಮ್ಮದೇ ಹಳೆಯ ಜಂಪರು ಹಾಕಿಕೊಂಡರು. ಎಡಗಡೆ ಬಿಗಿ. ಬಲಗಡೆ ಸರಿಯಾಗಿಯೇ ಇತ್ತು. ಮೈ ಬಂದಿದ್ದರೆ ಎರಡೂ ಕಡೆ ಬರಬೇಕಲ್ಲ ಎಂದು ಟೇಪು ಹಿಡಿದು ನೋಡಿದರು. ಅರ್ಧ ಇಂಚು ವ್ಯತ್ಯಾಸ. ಕೈ ಆಡಿಸಿದರೆ ಒಳಗೆ ಹುಣಸೆ ಬೀಜಕ್ಕಿಂತ ದೊಡ್ಡದೊಂದು ಗಂಟು, ನೋವಿಲ್ಲ.

ಟೇಪು ಅರ್ಧ ನಿಮಿಷದಲ್ಲಿ ಹೇಳಿದ್ದನ್ನು ಒಪ್ಪಿಕೊಳ್ಳಲು ಮನೆಯ ಗಂಡಸರಿಗೆ ಮೂರು ವಾರ ಬೇಕಾಯಿತು. ಸಿರಾಜುದ್ದೀನ ತನ್ನ ಅಣ್ಣ ಬಂದೇಸಾಬನಿಗೆ ಹೇಳಬೇಕು. ಆದರೆ ತಮ್ಮನ ಹೆಂಡತಿಯ ಎದೆಯ ವಿಷಯವನ್ನು ಅಣ್ಣನ ಮುಂದೆ ಹೇಗೆ ಎತ್ತುವುದು? ಎತ್ತಿದ ಮೇಲೆ, ದವಾಖಾನೆಗೆ ಜೊತೆಗೆ ಹೋಗುವವರು ಯಾರು? ಈ ಚರ್ಚೆಯಲ್ಲಿ ಆ ಎದೆಯ ಒಡತಿಯನ್ನು ಯಾರೂ ಏನೂ ಕೇಳಲಿಲ್ಲ. ನಮ್ಮ ಕಡೆ ಮರ್ಯಾದೆ ಎಂಬುದು ಗಂಡಸರು ಕೂತು ಮಾಡುವ ಕೆಲಸ. ಅದರ ನೋವು ಮಾತ್ರ ಹೆಂಗಸರ ಪಾಲಿನದು.

ಕೊನೆಗೆ ಎಲ್ಲರೂ ಸೇರಿ ಹೋದದ್ದು ಶಿಗ್ಗಾವಿಯ ಹೆದ್ದಾರಿ ಪಕ್ಕದ ಒಂದು ನರ್ಸಿಂಗ್ ಹೋಮಿಗೆ. ಹೆಸರು ಬರೆಯುವುದಿಲ್ಲ; ಬರೆದರೆ ಅದೂ ಜಾಹೀರಾತಾದೀತು. ಅಲ್ಲಿಯ ಡಾಕ್ಟರ ಸಾಹೇಬರು ದೊಡ್ಡ ಹೆಸರು ಮಾಡಿದವರು. ಹರ್ನಿಯಾ, ಮೂಲವ್ಯಾಧಿ, ಅಪೆಂಡಿಕ್ಸು, ಗಂಟು, ಎಲ್ಲಕ್ಕೂ ಒಂದೇ ಮೇಜು, ಒಂದೇ ಕತ್ತರಿ, ಒಂದೇ ಆತ್ಮವಿಶ್ವಾಸ. ಎರಡು ಬೆರಳಿನಿಂದ ಒತ್ತಿ ನೋಡಿ ತೀರ್ಪು ಕೊಟ್ಟೇಬಿಟ್ಟರು.

“ಕೊಬ್ಬಿನ ಗಡ್ಡಿ ಐತಿ. ಅರ್ಧಾ ತಾಸಿನ ಕೆಲಸ.”

ಶಬೀನಾ ಹಿಂದಿನಿಂದ ಕೇಳಿದಳು: “ಸರ್, ತಗದ ಮ್ಯಾಲ ಟೆಸ್ಟಿಗೆ ಕಳಸ್ತೀರೇನ್ರಿ?”

“ನೀ ಏನ್ ಓದಾಕತ್ತೀಯವಾ?”

“ಬಿಎಸ್ಸಿ ರೀ.”

“ಹಂಗಾರ ಬಿಎಸ್ಸಿ ಓದು. ಡಾಕ್ಟರ್‌ಕಿ ನಾ ಓದೇನಿ.”

ಕೋಣೆಯಲ್ಲಿದ್ದ ಗಂಡಸರೆಲ್ಲ ನಕ್ಕರು. ಸಿರಾಜುದ್ದೀನನೂ ನಕ್ಕ. ಮಗಳ ಕಿವಿ ಕೆಂಪಾದದ್ದು ಅವನಿಗೆ ಕಾಣಲಿಲ್ಲ.

ಅರ್ಧ ತಾಸಿನ ಕೆಲಸ ಅರ್ಧ ತಾಸಿನಲ್ಲಿಯೇ ಮುಗಿಯಿತು. ಆ ಮಾತಿಗೆ ಮಾತ್ರ ಸಾಹೇಬರು ತಪ್ಪಲಿಲ್ಲ. ಹೊರಗೆ ಬಂದು, ಉಪ್ಪಿನಕಾಯಿ ತುಂಬುವಂಥ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬಂದೇಸಾಬನ ಕೈಗಿಟ್ಟರು. ಒಳಗೆ ಸಲಾಯಿನ್ ನೀರು, ನೀರಿನಲ್ಲಿ ಗಂಟು.

“ನಿಮ್ಮ ಮಂದ್ಯಾಗ ಮಣ್ಣ ಮಾಡೂ ಪದ್ಧತಿ ಐತೆಲ್ಲ, ತೊಗೊಂಡ ಹೋಗ್ರಿ. ನಾವೇನ ಬ್ಯಾಡ ಅನ್ನೂದಿಲ್ಲ.”

ಬಂದೇಸಾಬನ ಕಣ್ಣು ಒದ್ದೆಯಾದವು. “ಭಾಳ ತಿಳಿದವ್ರು ಸಾಹೇಬ್ರು ನೀವು,” ಎಂದ. ದೇಹದಿಂದ ಬೇರೆಯಾದದ್ದು ಒಂದು ಬೆರಳೇ ಆಗಲಿ, ಅದನ್ನು ಕಸಕ್ಕೆ ಹಾಕದೆ ಮಣ್ಣಿಗೆ ಒಪ್ಪಿಸುವುದು ಅವರ ಮನೆಯ ರೀತಿ. ಒಬ್ಬ ದೊಡ್ಡ ಡಾಕ್ಟರು ಕೇಳುವ ಮೊದಲೇ ಅದನ್ನು ನೆನಪಿಟ್ಟು ಮರ್ಯಾದೆ ಕೊಟ್ಟರಲ್ಲ ಎಂದು ಅವನಿಗೆ ಅನ್ನಿಸಿತು. ಮರ್ಯಾದೆಯಂತೆ! ಪರೀಕ್ಷೆಗೆ ಕಳಿಸಬೇಕೆಂದರೆ ಗಂಟು ಕೆಡದ ಹಾಗೆ ಫಾರ್ಮಲಿನ್ ತುಂಬಬೇಕು, ಚೀಟಿ ಬರೆಯಬೇಕು, ಹುಬ್ಬಳ್ಳಿಗೆ ಮನುಷ್ಯನನ್ನು ಕಳಿಸಬೇಕು, ಬಂದ ರಿಪೋರ್ಟು ತನ್ನ ಎರಡು ಬೆರಳಿನ ತೀರ್ಪನ್ನು ಸುಳ್ಳು ಮಾಡಿದರೆ ತಲೆ ತಗ್ಗಿಸಬೇಕು. ಅಷ್ಟೆಲ್ಲ ತೊಂದರೆ ಯಾಕೆಂದು ಬಡವರ ನಂಬಿಕೆಯನ್ನೇ ಕಸದ ಬುಟ್ಟಿ ಮಾಡಿಕೊಂಡವನಿಗೆ ನಾವು ತಿಳಿದವನು ಎಂದು ಕೈ ಮುಗಿಯುತ್ತೇವೆ. ಹೊರಡುವಾಗ ನರ್ಸು ಬೆರಳಿಟ್ಟು ತೋರಿಸಿದಲ್ಲಿ, ಇಂಗ್ಲಿಷಿನ ಕಾಗದದ ಮೇಲೆ, ಸಿರಾಜುದ್ದೀನ ಸಹಿ ಹಾಕಿದ.

ಬಂದೇಸಾಬ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಬರಸ್ತಾನದ ಗೋಡೆಯ ಬದಿಗೆ ಮೊಳಕಾಲಷ್ಟು ಆಳದ ಗುಂಡಿ ತೋಡಿಸಿ, ತಾನೇ ಕೈಯಾರೆ ಇಟ್ಟು ಮಣ್ಣು ಮುಚ್ಚಿದ. ಈ ಇಡೀ ಪ್ರಕರಣದಲ್ಲಿ ಆ ತುಣುಕನ್ನು ಮನುಷ್ಯರದು ಎಂದು ಕಂಡವನು ಅವನೊಬ್ಬನೇ. ಅದನ್ನಿಲ್ಲಿ ದಾಖಲಿಸಬೇಕು, ಯಾಕೆಂದರೆ ಮುಂದೆ ತಪ್ಪೆಲ್ಲ ಅವನ ತಲೆಗೇ ಬರುವುದಿತ್ತು.

ನಾಲ್ಕು ತಿಂಗಳು ಕಳೆದವು. ಹೊಲಿಗೆಯ ಗಾಯ ಒಣಗಿತು, ಆದರೆ ಕಂಕುಳಲ್ಲಿ ಗೋಲಿಯಂಥದ್ದೊಂದು ಎದ್ದಿತು. ಈ ಸಲ ಮುಮ್ತಾಜಬೇಗಂ ಯಾರ ಚರ್ಚೆಗೂ ಕಾಯಲಿಲ್ಲ. ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಕ್ಯಾನ್ಸರ್ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿ ಕೂತರು. ಅಲ್ಲಿ ಇದ್ದವರು ಡಾಕ್ಟರ್ ಶ್ವೇತಾ, ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಯ ಮಗಳು. ಕಂಕುಳು ನೋಡಿದರು, ಎದೆಯ ಮೇಲಿನ ಹಳೆಯ ಗಾಯ ನೋಡಿದರು, ಕೈ ಚಾಚಿದರು.

“ತಗದ ಗಂಟಿನ ರಿಪೋರ್ಟ್ ಕೊಡ್ರಿ.”

“ರಿಪೋರ್ಟ್ ಇಲ್ರಿ.”

“ಹೋಗ್ಲಿ, ಗಂಟು ಯಾವ ಲ್ಯಾಬ್‌ನಾಗೈತಿ ಹೇಳ್ರಿ, ನಾ ತರಸ್ಕೊಂತೇನಿ.”

“ಮಣ್ಣ ಮಾಡೇವ್ರಿ,” ಎಂದರು ಮುಮ್ತಾಜಬೇಗಂ.

ಡಾಕ್ಟರ್ ಶ್ವೇತಾ ಪೆನ್ನು ಕೆಳಗಿಟ್ಟರು. ಬಯ್ಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳಿದರು.

“ನೋಡ್ರಿ ಅಕ್ಕಾರ, ಹೆಣ್ಣಮಕ್ಕಳ ಮೈಯಾಗ ಹಾರ್ಮೋನು ಹರಿದಾಡ್ತಿರ್ತೈತಿ. ಕೆಲವು ಕ್ಯಾನ್ಸರ್ ಗಂಟಿನಾಗ ಅದನ್ನ ಹಿಡಕೊಳ್ಳೂ ಜಾಗಾ ಇರ್ತಾವು, ರಿಸೆಪ್ಟರ್ ಅಂತೇವಿ. ಹಾರ್ಮೋನು ಬಂದು ಅಲ್ಲಿ ಕುಂತ್ರ ಗಂಟು ಬೆಳೀತೈತಿ. ಆ ಜಾಗಾ ಇದ್ರ ದಿನಾ ಒಂದು ಗುಳಿಗಿ, ಐದೋ ಹತ್ತೋ ವರ್ಷ, ಭಾಳ ಮಂದೀನ ಕಾಪಾಡ್ತೈತಿ. ಜಾಗಾನ ಇಲ್ಲದವ್ರಿಗೆ ಆ ಗುಳಿಗಿ ನುಂಗಿಸಿದ್ರ ದಂಡ.”

ಮುಮ್ತಾಜಬೇಗಂ ಹೊಲಿಗೆಯ ಭಾಷೆಯಲ್ಲಿ ಕೇಳಿದರು. “ಕಾಜಾ ಇದ್ದಂಗೇನ್ರಿ? ಗುಂಡಿ ಬಂದು ಕುಂದರೂ ಕಾಜಾ?”

“ಹಾಂ, ಕಾಜಾನ ತಿಳ್ಕೋರಿ! ಗುಂಡಿ ಬರೂಕಿಂತ ಮೊದಲ ಗುಳಿಗಿ ಹೋಗಿ ಕಾಜಾದಾಗ ಕುಂದರತೈತಿ. ಗುಂಡಿಗೆ ಜಾಗಾನ ಸಿಗೂದಿಲ್ಲ.”

“ನಂಗ ಕಾಜಾ ಐತೋ ಇಲ್ಲೋ ಹೆಂಗ ಗೊತ್ತಾಗ್ತೈತ್ರಿ?”

“ಅದಕ್ಕ ಗಂಟು ಬೇಕಿತ್ತು. ಅದರ ತೆಳ್ಳನ ಪದರ ಗಾಜಿನ ಮ್ಯಾಲ ಇಟ್ಟು, ಕಾಜಾ ಹುಡುಕಿ ಹಿಡಿಯೂ ಪದಾರ್ಥ ಬಿಡ್ತಾರ. ಅದರ ಬೆನ್ನಿಗೆ ಒಂದು ಎನ್‌ಝೈಮ್, ಕಿಣ್ವ, ಅಂಟಿಸಿರ್ತಾರ. ಕಾಜಾ ಇದ್ದಲ್ಲೆಲ್ಲಾ ಆ ಕಿಣ್ವ ಕಂದು ಬಣ್ಣ ಏಳಸ್ತೈತಿ. ಇಲ್ಲಂದ್ರ ಖಾಲಿ. ಈಸ್ಟ್ರೋಜನ್, ಪ್ರೊಜೆಸ್ಟೆರೋನ್ ಅಂತ ಎರಡು ಹಾರ್ಮೋನಿಗೆ ಎರಡು ಥರಾ ಕಾಜಾ. ಹರ್-ಟು ಅಂತ ಮೂರನೇದೊಂದೈತಿ, ಅದಕ್ಕ ಬ್ಯಾರೆ ಔಷಧ. ಮೂರೂ ಖಾಲಿ ಬಂದ್ರ ದಾರಿ ಕಠಿಣ.”

ಇಷ್ಟೇ ವಿಷಯ. ಬರೆದರೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುತ್ತದೆ. ನಾಲ್ಕನೆಯ ಇಯತ್ತೆ ಓದಿದ ಹೆಂಗಸಿಗೆ ಐದು ನಿಮಿಷದಲ್ಲಿ ತಿಳಿದದ್ದು, ಗೋಡೆಯ ತುಂಬ ಪದವಿಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ ಸಾಹೇಬರಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ತಿಳಿದೂ ಬೇಡವಾಗಿತ್ತು. ಅಜ್ಞಾನಿಯನ್ನು ಕ್ಷಮಿಸಬಹುದು, ಅಸಡ್ಡೆಯವನನ್ನು ಯಾವ ಲೆಕ್ಕದಲ್ಲಿ ಕ್ಷಮಿಸುವುದು?

ಕಂಕುಳಿನ ಗಂಟಿನಿಂದಲೇ ದಪ್ಪ ಸೂಜಿಯಲ್ಲಿ ತುಣುಕು ತೆಗೆದು ಪರೀಕ್ಷಿಸಬಹುದು, ಸೋಮವಾರ ಬನ್ನಿ, ಬರುವಾಗ ಶಿಗ್ಗಾವಿಯ ಆಪರೇಶನ್ ಕಾಗದ ತನ್ನಿ, ಏನು ತೆಗೆದರು ಎಷ್ಟು ತೆಗೆದರು ನನಗೆ ಗೊತ್ತಾಗಬೇಕು ಎಂದರು ಡಾಕ್ಟರ್ ಶ್ವೇತಾ.

ಕಾಗದಕ್ಕೆಂದು ಶಬೀನಾ ಶಿಗ್ಗಾವಿಗೆ ಹೋದರೆ ಸಾಹೇಬರು ಕುರ್ಚಿಯಿಂದ ಏಳಲಿಲ್ಲ. “ಹುಬ್ಬಳ್ಳಿಯವ್ರು ಹೆದರಸ್ತಾರವಾ, ಅವರ ಧಂದಾನ ಅದು,” ಎಂದರು. ಶಬೀನಾ ಮಾತು ಬೆಳೆಸದೆ ಬಾಗಿಲಲ್ಲೇ ನಿಂತಳು, ಒಂದು ತಾಸು. ಬಂದವರೆಲ್ಲ ಅವಳನ್ನು ದಾಟಿಕೊಂಡು ಒಳಗೆ ಹೋಗಬೇಕಾಗಿ ಬಂದ ಮೇಲೆ ಕಾಗದದ ನಕಲು ಹೊರಬಿತ್ತು. ಗಂಟಿನ ಗಾತ್ರ ಬರೆದಿರಲಿಲ್ಲ. ಎಡವೋ ಬಲವೋ ಅದೂ ಇರಲಿಲ್ಲ. ಆದರೆ ಕೊನೆಯ ಸಾಲನ್ನು ಮಾತ್ರ ಬಹಳ ಕಾಳಜಿಯಿಂದ ಬರೆಯಲಾಗಿತ್ತು: ಧಾರ್ಮಿಕ ಕಾರಣಕ್ಕಾಗಿ ಮನೆಯವರು ಪರೀಕ್ಷೆಯನ್ನು ನಿರಾಕರಿಸಿ ಗಂಟನ್ನು ಪಡೆದಿದ್ದಾರೆ. ಕೆಳಗೆ ಸಿರಾಜುದ್ದೀನನ ಸಹಿ.

ಓದುಗರೇ, ಈ ಸಾಲನ್ನು ಇನ್ನೊಮ್ಮೆ ಓದಿ. ಗಂಟನ್ನು ನೋಡಲು ಪುರಸೊತ್ತಿಲ್ಲದವನಿಗೆ ಈ ಸಾಲು ಬರೆಯಲು ಪುರಸೊತ್ತಿತ್ತು. ಡಬ್ಬಿ ಕೈಗಿಡುವಾಗ ಆಡಿದ ಸಿಹಿ ಮಾತಿನ ಬೆಲೆ ಈ ಸಾಲು. ನಾಳೆ ಯಾರಾದರೂ ಕೇಳಿದರೆ, ಏನು ಮಾಡುವುದು ಸ್ವಾಮಿ, ಇವರು ಹೀಗೇ, ಹೇಳಿದರೆ ಕೇಳುವುದಿಲ್ಲ ಎಂದು ನಿಟ್ಟುಸಿರು ಬಿಡಬಹುದು. ಕೇಳಿದವರು ಹೌದೆಂದು ತಲೆಯಾಡಿಸುತ್ತಾರೆ ಕೂಡ. ಆ ತಲೆಗಳೆಲ್ಲ ನಮ್ಮವೇ.

ಶಬೀನಾ ಮನೆಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಸಿರಾಜುದ್ದೀನ ಕಾಗದ ಇಸಿದುಕೊಂಡು ತನ್ನ ಸಹಿ ನೋಡಿದ. ಬಂದೇಸಾಬ ಎದ್ದು ಚಪ್ಪಲಿ ಮೆಟ್ಟಿ ಹೋದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಬಂದು, ನಿಮ್ಮ ದೊಡ್ಡಪ್ಪ ಸನಿಕೆ ತೆಗೆದುಕೊಂಡು ಕಬರಸ್ತಾನದ ಕಡೆ ಹೊಂಟಿದ್ದ ಎಂದರು. ಶಬೀನಾ ಓಡಿದಳು. ಸುಡು ಬಿಸಿಲಿನಲ್ಲಿ ಅರವತ್ತೆರಡರ ಮನುಷ್ಯ ಗೋಡೆಯ ಬದಿಗೆ ಕೂತು, ಸನಿಕೆ ಬಿಟ್ಟು ಕೈಯಿಂದಲೇ ಮಣ್ಣು ಬಗೆಯುತ್ತಿದ್ದ.

“ಬಡೇ ಅಬ್ಬಾ, ಏನ್ ಮಾಡಾಕತ್ತೀರಿ? ಬಿಡ್ರಿ!”

“ತಗದು ಕೊಡ್ತೇನಿ. ಹುಬ್ಬಳ್ಳಿಗೆ ಒಯ್ಯಿ. ನಾನ ಇಟ್ಟೇನಿ, ನಾನ ತಗೀತೇನಿ. ನನ್ನ ಕೈಯಿಂದನ ಆಗೈತಿ ಇದು.”

“ಅಲ್ಲಿ ಏನೂ ಉಳದಿಲ್ರಿ.”

“ನೋಡದ ಹೆಂಗ ಹೇಳ್ತಿ ನೀ?”

ಶಬೀನಾ ಅವನ ಕೈ ಹಿಡಿದುಕೊಂಡಳು. “ನೀವು ಮಣ್ಣಾಗ ಇಟ್ಟಿದ್ದಕ್ಕ ಹೋಗಿಲ್ಲ ಅದು. ಅವ್ರು ಬರೇ ನೀರಾಗ ಹಾಕಿ ಕೊಟ್ರಲ್ಲ, ಅವಾಗನ ಕೆಡಾಕ ಹತ್ತಿತ್ತು. ನಿಮ್ಮ ಕೈಗೆ ಬರೂ ಮೊದಲ ತಪ್ಪಾಗಿತ್ತು. ನೀವೇನ್ ಡಾಕ್ಟರ್ರೇನ?”

ಬಂದೇಸಾಬ ಅತ್ತ. ಗಟ್ಟಿಯಾಗಿ, ಮಕ್ಕಳ ಹಾಗೆ. ಆಮೇಲೆ ಬಗೆದ ಮಣ್ಣನ್ನು ತಾನೇ ಮತ್ತೆ ಮುಚ್ಚಿದ. ನಾಚಿಕೆ ಪಡಬೇಕಾದವರು ಹೆದ್ದಾರಿಯ ಬದಿಗೆ ತಣ್ಣಗೆ ಎ.ಸಿ.ಯಲ್ಲಿ ಕೂತಿದ್ದರು, ನಾಚಿಕೊಂಡವನು ಇವನು.

ಸುದ್ದಿ ಊರು ದಾಟಿತು. ಸಲಹೆಗಾರರು ಬಂದರು. ಹಾನಗಲ್ಲಿನ ಸಂಬಂಧಿಕರೊಬ್ಬರು ಬೇರು ತಂದರು, ಇನ್ನೊಬ್ಬರು ಫೋನಿನಲ್ಲಿ ಬಂದ ವಿಡಿಯೋ ತೋರಿಸಿದರು. ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿಯ ಹೆಂಡತಿ ಸರೋಜವ್ವ ಕಾರಿನಲ್ಲಿ ಬಂದು, ಹೊಸ್ತಿಲ ಹೊರಗೇ ನಿಂತರು. ಮಗಳ ಮದುವೆಯ ಆರು ಜಂಪರಿನ ಬಟ್ಟೆ ಕೊಟ್ಟಿದ್ದರು.

“ಹೊಲಿಯೂದು ಬ್ಯಾಡ ಮುಮ್ತಾಜ, ಅರಿವಿ ಅಷ್ಟ ಕೊಟ್ಟುಬಿಡು.”

“ಯಾಕ್ರಿ ಅಕ್ಕಾರ?”

“ಅಲ್ಲ, ನಿನಗ ಆರಾಮಿಲ್ಲ, ತ್ರಾಸ ಯಾಕ ಅಂತ. ಒಂದೆರಡು ಹೊಲದೀಯೇನ? ಅವನ್ನ ಬಿಸಿನೀರಾಗ ಹಾಕಿದ್ರ ನಡೀತೈತೋ ಏನೋ.”

ಮುಮ್ತಾಜಬೇಗಂ ಬಟ್ಟೆಯ ಗಂಟು ತಂದು ಕೈಗೆ ಕೊಟ್ಟರು. “ದಾರದಾಗ ಹರಿಯೂ ಜಡ್ಡಲ್ರಿ ಇದು. ಹರಿಯೂದಿದ್ರ ನಿಮ್ಮ ಊರಾಗ ಒಬ್ಬಾಕೀನೂ ಉಳೀತಿರಲಿಲ್ಲ. ಎಲ್ಲಾರೂ ನಾ ಹೊಲಿದಿದ್ದ ಹಾಕ್ಕೊಂಡು ಓಡಾಡ್ತಾರ. ನೀವೀಗ ಹಾಕ್ಕೊಂಡಿದ್ದೂ ನಂದ.”

ಸರೋಜವ್ವನ ಕೈ ತಾನಾಗಿ ಸೆರಗಿಗೆ ಹೋಯಿತು. ಕಾರು ಹತ್ತುವವರೆಗೂ ಅಲ್ಲಿಂದ ಇಳಿಯಲಿಲ್ಲ.

ಇಷ್ಟರ ಮೇಲೆ ಮನೆಯೊಳಗೇ ಹೊಸ ತಕರಾರು. ಕ್ಯಾನ್ಸರಿಗೆ ಸೂಜಿ ಚುಚ್ಚಿದರೆ ಮೈತುಂಬ ಹಬ್ಬುತ್ತದೆ ಎಂದು ಎಲೆ ಮಾರ್ಕೆಟ್ಟಿನಲ್ಲಿ ಯಾರೋ ಸಿರಾಜುದ್ದೀನನ ಕಿವಿಯಲ್ಲಿ ಊದಿದ್ದರು. ಹನ್ನೊಂದು ಸಾವಿರ ಎಲೆಯಲ್ಲಿ ಒಂದು ಕೊಳೆತ ಎಲೆಯನ್ನು ಹುಡುಕಿ ತೆಗೆಯುವ ಮಾರ್ಕೆಟ್ಟು ಅದು. ಕೊಳೆತ ಮಾತನ್ನು ಮಾತ್ರ ಹಾಗೇ ಕಟ್ಟಿ ಮನೆಗೆ ಕಳಿಸುತ್ತದೆ.

“ಸೋಮವಾರ ಬ್ಯಾಡ. ಇನ್ನೊಂದೀಟ ವಿಚಾರ ಮಾಡೂಣು,” ಎಂದ ಸಿರಾಜುದ್ದೀನ. “ಸೂಜಿ ಚುಚ್ಚಿದ್ರ...”

“ಸೂಜಿ ಹಿಡದು ಇಪ್ಪತ್ತೇಳು ವರ್ಷ ನಿಮ್ಮ ಮನಿ ನಡಿಸೇನಿ. ಈಗ ನಂಗ ಸೂಜಿ ಅಂದ್ರ ಅಂಜಿಕಿ ಹಚ್ಚಾಕ ಬಂದೀರೇನ? ನಂಗ ಗುಳಿಗಿ ಹತ್ತತೈತೋ ಇಲ್ಲೋ ಗೊತ್ತಾಗಬೇಕು. ಅದು ವಿಚಾರ ಮಾಡಿದ್ರ ಗೊತ್ತಾಗೂದಿಲ್ಲ, ನೋಡಿದ್ರ ಗೊತ್ತಾಗ್ತೈತಿ.”

ಬಂದೇಸಾಬ ತಮ್ಮನ ಕಡೆ ತಿರುಗಿದ. ಮೊದಲ ಸಲ ಅವನು ತಮ್ಮನ ಹೆಂಡತಿಯ ಪರ ಮಾತಾಡಿದ್ದು ಅವತ್ತೇ ಇರಬೇಕು. “ನೀ ಬಾಯಿ ಮುಚ್ಚು. ಗಾಡಿ ನಾ ಹೇಳಿ ಬಂದೇನಿ.”

ಸೋಮವಾರ ಡಾಕ್ಟರ್ ಶ್ವೇತಾ ಕಂಕುಳು ಮರಗಟ್ಟಿಸಿ ನಾಲ್ಕು ತುಣುಕು ತೆಗೆದರು, ಶ್ಯಾವಿಗೆ ಎಳೆಯಷ್ಟು ತೆಳ್ಳಗಿನವು. ತೆಗೆದ ಕೂಡಲೇ ಫಾರ್ಮಲಿನ್ನಿಗೆ ಬಿಟ್ಟು, ಡಬ್ಬಿಯ ಮೇಲೆ ಹೆಸರು, ಯಾವ ಕಡೆಯದು, ಎಷ್ಟು ಗಂಟೆಗೆ ತೆಗೆದದ್ದು ಎಲ್ಲವನ್ನೂ ಮುಮ್ತಾಜಬೇಗಂ ಅವರ ಕಣ್ಣೆದುರಿಗೇ ಬರೆದರು. ಇಡೀ ಕೆಲಸಕ್ಕೆ ಇಪ್ಪತ್ತು ನಿಮಿಷ. ಅರ್ಧ ತಾಸೂ ಇಲ್ಲ.

ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ಮುಮ್ತಾಜಬೇಗಂ ಸುಮ್ಮನೆ ಕೂರಲಿಲ್ಲ; ಕೈಗೆ ಸಿಕ್ಕ ಗಿರಾಕಿಗಳದ್ದೆಲ್ಲ ಹೊಲಿದರು. ಒಂದು ದಿನ ಶಬೀನಾಳಿಗೆ, “ಖಾಲಿ ಬಂದ್ರ ನಿಮ್ಮಬ್ಬಾಗ ಮೊದಲ ಹೇಳಬ್ಯಾಡ, ನಂಗ ಹೇಳು,” ಎಂದರು.

ಖಾಲಿ ಬರಲಿಲ್ಲ. ಕ್ಯಾನ್ಸರು ಹೌದು, ಆದರೆ ನೂರಕ್ಕೆ ತೊಂಬತ್ತು ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಈಸ್ಟ್ರೋಜನ್ ರಿಸೆಪ್ಟರ್ ಇದೆ, ಪ್ರೊಜೆಸ್ಟೆರೋನಿನದೂ ಇದೆ, ಹರ್-ಟು ಇಲ್ಲ. ಗುಳಿಗೆ ಇವರಿಗೆ ಹತ್ತುತ್ತದೆ. ಸಿರಾಜುದ್ದೀನ ಅಲ್ಲಿಯೇ ಊರಿಗೆ ಫೋನು ಹಚ್ಚಲು ಹೊರಟ.

“ಏನಂತ ಹೇಳಾಕತ್ತೀರಿ?” ಎಂದರು ಮುಮ್ತಾಜಬೇಗಂ.

“ಖುಷಿ ಸುದ್ದಿ ಅಂತ!”

“ಏನ್ ಖುಷಿ? ಇದು ಇವತ್ತ ಹುಟ್ಟಿದ್ದೇನ? ನಾಕು ತಿಂಗಳ ಹಿಂದನೂ ಇತ್ತು. ಕೇಳವ್ರು ಇರಲಿಲ್ಲ.” ಆಮೇಲೆ ಡಾಕ್ಟರ ಕಡೆ ತಿರುಗಿದರು. “ಗುಳಿಗಿ ಇವತ್ತಿಂದನ ಚಾಲೂ ಮಾಡೂದೇನ್ರಿ?”

“ಇಲ್ರಿ ಅಕ್ಕಾರ. ಕಂಕುಳಕ್ಕ ಇಳದೈತಿ. ಮೊದಲ ಕೀಮೋ, ಆಮ್ಯಾಲ ಸರಿಯಾದ ಆಪರೇಶನ್, ಆಮ್ಯಾಲ ಕರೆಂಟ್, ಅಂದ್ರ ರೇಡಿಯೇಶನ್. ಗುಳಿಗಿ ಕೀಮೋ ಮುಗದ ಮ್ಯಾಲ.”

“ಅವಾಗ ಗೊತ್ತಾಗಿದ್ರ ಕೀಮೋ ತಪ್ಪತಿತ್ತೇನ್ರಿ?”

ಡಾಕ್ಟರ್ ಶ್ವೇತಾ ಸುಳ್ಳು ಹೇಳಲಿಲ್ಲ. “ತಪ್ಪಿದ್ರೂ ತಪ್ಪಬಹುದಿತ್ತು. ಖಾತ್ರಿ ಹೇಳಾಕ ಬರೂದಿಲ್ಲ. ನಿಮಗೂ ನನಗೂ ಗೊತ್ತಾಗದಂಗ ಮಾಡಿಬಿಟ್ರು ಅವ್ರು.”

“ಕೀಮೋದಾಗ ಮಷೀನ್ ತುಳೀಬಹುದೇನ್ರಿ?”

“ತುಳೀರಿ, ಆದಷ್ಟು. ಆದರ ಒಂದು ಔಷಧಕ್ಕ ಬೆರಳು ಜೋಮು ಹಿಡೀತಾವು. ಸಣ್ಣ ಸೂಜಿ ಹಿಡಿಯೂದು ಕಷ್ಟ ಆಗಬಹುದು.”

“ಎಷ್ಟ ದಿನಾ?”

“ಕೆಲವ್ರಿಗೆ ತಿಂಗಳು. ಕೆಲವ್ರಿಗೆ ವರ್ಷ. ಕೆಲವ್ರಿಗೆ ಪೂರಾ ಹೋಗೂದಿಲ್ಲ.”

ಅರ್ಧ ತಾಸಿನ ಸಾಹೇಬರು ಕಿತ್ತುಕೊಂಡದ್ದು ಏನನ್ನು ಎಂಬುದು ಆಗ ಮೇಜಿನ ಮೇಲೆ ಬಿತ್ತು. ಒಂದು ಮನೆಯನ್ನು ಎತ್ತಿ ನಿಲ್ಲಿಸಿದ ಹತ್ತು ಬೆರಳುಗಳ ಮಾತು ಅದು.

“ಯಾವಾಗ ಬರಬೇಕ್ರಿ?”

“ಸೋಮವಾರ.”

“ಸೋಮವಾರ ಬ್ಯಾಡ್ರಿ, ಬುಧವಾರ ಇಡ್ರಿ. ಮೂರು ಜಂಪರ್ ಕಟ್ ಮಾಡಿಟ್ಟೇನಿ. ಕೈ ಚಲೋ ಇದ್ದಾಗ ಮುಗಿಸಿ ಕೊಡ್ತೇನಿ.”

“ಬುಧವಾರ, ಮುಂಜಾನೆ ಒಂಬತ್ತಕ್ಕ. ಅದರ ಮ್ಯಾಲ ಒಂದು ದಿನಾನೂ ಕೊಡೂದಿಲ್ಲ, ನೋಡ್ರಿ.”

ಬುಧವಾರ ಎಂಟೂವರೆಗೇ ಅವರು ಬಂದು ಬೆಂಚಿನ ಮೇಲೆ ಕೂತಿದ್ದರು. ಮೂರೂ ಜಂಪರು ಮಂಗಳವಾರವೇ ಗಿರಾಕಿಗಳ ಮನೆ ಸೇರಿದ್ದವು. ಅದೇ ಹೊತ್ತಿಗೆ ಶಿಗ್ಗಾವಿಯ ನರ್ಸಿಂಗ್ ಹೋಮಿನ ಮುಂದೆ ಪಾಳಿ ಹಚ್ಚಿದವರ ಸಾಲು ಸರ್ವಿಸ್ ರಸ್ತೆಯವರೆಗೆ ಬೆಳೆದಿತ್ತು.